ಗಣಕಯಂತ್ರಕ್ಕೆ ಹೊಸ ಆವೃತ್ತಿಯನ್ನು ಹಾಕುವ ಮುನ್ನ

ಶಾಲೆಯ ಗಣಕ ಕೊಠಡಿಯಲ್ಲಿ ವಿದ್ಯಾರ್ಥಿಗಳು ದಿನವೂ ಬಳಸುವ ಕಾರ್ಯವ್ಯವಸ್ಥೆಯ ಹೆಸರು ಕೈಟ್ ಗ್ನೂ ಲಿನಕ್ಸ್. ಕೇರಳದ ಶಾಲೆಗಳಿಗೆ 2001ರ ಸುಮಾರಿಗೆ 'ಐಟಿ ಅಟ್ ಸ್ಕೂಲ್' ಎಂಬ ಯೋಜನೆ ಬಂದಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. ಶಾಲೆಗಳಿಗಾಗಿ ಸಿದ್ಧಪಡಿಸಿದ 18.04 ಆವೃತ್ತಿಯು 2019ರಲ್ಲಿ, 22.04 ಆವೃತ್ತಿಯು 2024ರಲ್ಲಿ ಹೊರಬಂದುವು. ಹತ್ತನೆಯ ತರಗತಿಯ ಐ.ಟಿ. ಪ್ರಾಯೋಗಿಕ ಪರೀಕ್ಷೆಗೆ ಇದರಲ್ಲಿಯೇ ಅಭ್ಯಾಸ ಮಾಡಬೇಕಾಗಿರುವುದರಿಂದ, ಮನೆಯ ಹಳೆಯ ಕಂಪ್ಯೂಟರಿಗೂ ಹೊಸ ಆವೃತ್ತಿಯನ್ನು ಹಾಕಬಹುದೇ ಎಂದು ಅನೇಕ ರಕ್ಷಕರು ಕೇಳುತ್ತಾರೆ. ಹಾಕಬಹುದು. ಆದರೆ ಹಾಕುವ ಭರದಲ್ಲಿ ಮನೆಯ ಫೋಟೋಗಳೂ, ಅದಕ್ಕಿಂತ ಹೆಚ್ಚಾಗಿ ಹಳೆಯ ಕನ್ನಡ ಬರಹಗಳೂ ಕಳೆದುಹೋಗುವ ಭಯವಿದೆ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ಕಾರ್ಯವ್ಯವಸ್ಥೆ ಎಂದರೆ ಯಂತ್ರಕ್ಕೂ ನಾವು ಬಳಸುವ ಕ್ರಮವಿಧಿಗಳಿಗೂ ನಡುವೆ ನಿಂತು ಕೆಲಸವನ್ನು ಹಂಚಿಕೊಡುವ ಮೂಲ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನುಸ್ ಟೊರ್ವಾಲ್ಡ್ಸ್ ಎಂಬ ತರುಣನು ಲಿನಕ್ಸ್ ಎಂಬ ತಿರುಳನ್ನು ಬರೆದು ಎಲ್ಲರಿಗೂ ತೆರೆದಿಟ್ಟನು. ಇವೆರಡನ್ನೂ ಕೂಡಿಸಿ, ಸಾಮಾನ್ಯರು ಬಳಸುವಂತೆ ಅಣಿಗೊಳಿಸಿದ ಹಲವು ವ್ಯವಸ್ಥೆಗಳಲ್ಲಿ 2004ರ ಅಕ್ಟೋಬರಿನಲ್ಲಿ ಹುಟ್ಟಿದ ಉಬುಂಟು ಒಂದು. ಕೈಟ್ ವ್ಯವಸ್ಥೆಗೆ ಉಬುಂಟುವೇ ತಳಹದಿ. ಇವುಗಳ ಆಕರ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿ ಹಂಚಬಹುದು. ನೆರೆಮನೆಯವರಿಗೆ ಒಂದು ಪ್ರತಿಯನ್ನು ಮಾಡಿಕೊಟ್ಟರೆ ಅದು ಕಳವಲ್ಲ.

ಆವೃತ್ತಿಯ ಅಂಕಿಯನ್ನು ಕಂಡು ಮಕ್ಕಳು ದಶಮಾಂಶವೆಂದು ತಿಳಿಯುವುದುಂಟು. ಹಾಗಲ್ಲ. ಚುಕ್ಕೆಯ ಹಿಂದಿರುವುದು ವರ್ಷ, ಮುಂದಿರುವುದು ತಿಂಗಳು. 22.04 ಎಂದರೆ 2022ರ ಏಪ್ರಿಲ್. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಉಬುಂಟು ಹೊರಬರುತ್ತದೆ. ಎರಡು ವರ್ಷಗಳಿಗೊಮ್ಮೆ ಏಪ್ರಿಲಿನಲ್ಲಿ ಬರುವುದು ದೀರ್ಘಾವಧಿಯದು. ಅದಕ್ಕೆ 5 ವರ್ಷಗಳ ಕಾಲ ದೋಷಪರಿಹಾರಗಳು ದೊರೆಯುತ್ತವೆ. 18.04ಕ್ಕೆ ಸಿಗುತ್ತಿದ್ದ ಈ ಸಾಮಾನ್ಯ ಪೋಷಣೆಯು 2023ರ ಮೇ ತಿಂಗಳಿಗೆ ಮುಗಿಯಿತು. ಮುಗಿದೊಡನೆ ಯಂತ್ರವೇನೂ ನಿಂತುಹೋಗಲಿಲ್ಲ. ಆದರೆ ಆಮೇಲೆ ಕಂಡುಬಂದ ಬಿರುಕುಗಳನ್ನು ಮುಚ್ಚುವವರಿಲ್ಲದೆ, ಅಂತರ್ಜಾಲಕ್ಕೆ ಜೋಡಿಸಿದ ಯಂತ್ರವು ಅಗಳಿಯಿಲ್ಲದ ಬಾಗಿಲಿನಂತಾಗುತ್ತದೆ. ಬೇಡವೆಂದರೂ ಹೊಸದಕ್ಕೆ ಹೋಗಬೇಕಾಗುವುದು ಇದರಿಂದ. ಹೊಸ ಬಣ್ಣ, ಹೊಸ ಚಿತ್ರಗಳ ಆಸೆಯಿಂದಲ್ಲ.

ಮೊದಲು ಯಂತ್ರದ ಶಕ್ತಿಯನ್ನು ತಿಳಿಯಬೇಕು. 22.04ಕ್ಕೆ 4 ಜಿಬಿ ರ್‍ಯಾಮ್, 25 ಜಿಬಿ ಖಾಲಿ ಸ್ಥಳ, 64 ಬಿಟ್ಟಿನ ಪ್ರೊಸೆಸರ್ ಬೇಕೆಂದು ಹೇಳಲಾಗಿದೆ. 32 ಬಿಟ್ಟಿನ ಹಳೆಯ ಯಂತ್ರಕ್ಕೆ ಇದು ಹಿಡಿಯುವುದೇ ಇಲ್ಲ. 2 ಜಿಬಿ ರ್‍ಯಾಮ್ ಇರುವ ಡೆಸ್ಕ್‌ಟಾಪಿಗೆ ಇನ್ನೊಂದು ರ್‍ಯಾಮ್ ಪಟ್ಟಿಯನ್ನು ಸೇರಿಸಿ ನೋಡುವುದು ಹೊಸ ಯಂತ್ರ ಕೊಳ್ಳುವುದಕ್ಕಿಂತ ಅಗ್ಗ. ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಹಾಕದೆಯೇ ಪರೀಕ್ಷಿಸಲಿಕ್ಕೂ ದಾರಿಯಿದೆ. ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಯಂತ್ರವನ್ನು ಎಬ್ಬಿಸಿ, 'ಟ್ರೈ' ಎಂಬುದನ್ನು ಆರಿಸಿದರೆ ಹಳೆಯ ಡಿಸ್ಕನ್ನು ಮುಟ್ಟದೆ ಹೊಸ ವ್ಯವಸ್ಥೆ ನಡೆಯುತ್ತದೆ. ಧ್ವನಿ ಬರುತ್ತದೆಯೇ, ಪ್ರಿಂಟರ್ ಒಪ್ಪುತ್ತದೆಯೇ, ಅಂತರ್ಜಾಲ ಸಿಗುತ್ತದೆಯೇ ಎಂದು ಅರ್ಧ ಗಂಟೆ ನೋಡಿರಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬಾರದೆಂದು ನಮ್ಮ ಅಭಿಮತ.

ಇನ್ನು ಹಾಕುವ ಕ್ರಮ ಎರಡು. ಇದ್ದುದರ ಮೇಲೆಯೇ ಏರಿಸುವುದು ಒಂದು. ಇದರಲ್ಲಿ ಯಂತ್ರವು ತನ್ನಲ್ಲಿರುವ ನೂರಾರು ಪೊಟ್ಟಣಗಳ ಪಟ್ಟಿ ಮಾಡಿ, ಪ್ರತಿಯೊಂದರ ಹೊಸ ಪ್ರತಿಯನ್ನು ಅಂತರ್ಜಾಲದಿಂದ ತರಿಸಿ, ಒಂದೊಂದಾಗಿ ಬದಲಿಸುತ್ತದೆ. ಒಂದು ಪೊಟ್ಟಣಕ್ಕೆ ಇನ್ನೊಂದರ ಆಸರೆ ಇರುವುದರಿಂದ ಈ ಕ್ರಮ ತಪ್ಪಬಾರದು. ದೀರ್ಘಾವಧಿಯ ಆವೃತ್ತಿಗಳಲ್ಲಿ ಒಂದನ್ನು ಹಾರಿ ಮುಂದಕ್ಕೆ ಹೋಗುವಂತೆಯೂ ಇಲ್ಲ. 18.04ರಿಂದ 20.04, ಅಲ್ಲಿಂದ 22.04. ನಡುವೆ ಕರೆಂಟು ಹೋದರೆ ಅರ್ಧ ಹಳತು ಅರ್ಧ ಹೊಸತಾಗಿ ಉಳಿಯುತ್ತದೆ. ಯುಪಿಎಸ್ ಇಲ್ಲದ ಮನೆಯವರು ಮಳೆಗಾಲದ ಸಂಜೆ ಇದಕ್ಕೆ ಕೈಹಾಕಬಾರದು. ಹೊರಗಿನ ಮೂಲಗಳಿಂದ ಸೇರಿಸಿದ ತಂತ್ರಾಂಶಗಳ ಕೊಂಡಿಯನ್ನು ಏರಿಕೆಯ ಕಾಲದಲ್ಲಿ ಯಂತ್ರವು ಕಡಿದಿಡುತ್ತದೆ. ಶಾಲಾ ಆವೃತ್ತಿಯಲ್ಲಿ ಪಠ್ಯಕ್ಕೆ ಬೇಕಾದ ವಿಶೇಷ ತಂತ್ರಾಂಶಗಳಿರುವುದರಿಂದ ಎರಡನೆಯ ಕ್ರಮವೇ, ಅಂದರೆ ಹೊಸದಾಗಿ ಹಾಕುವುದೇ ಲೇಸು.

ಹೊಸದಾಗಿ ಹಾಕುವಾಗ ಪರದೆಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಅಲ್ಲಿ 'ಎರೇಸ್ ಡಿಸ್ಕ್' ಎಂಬುದನ್ನು ಒತ್ತಿದರೆ ಡಿಸ್ಕಿನಲ್ಲಿದ್ದುದೆಲ್ಲ, ವಿಂಡೋಸ್ ಇದ್ದರೆ ಅದೂ ಸಹಿತ, ಅಳಿಸಿಹೋಗುತ್ತದೆ. 'ಸಮ್‌ಥಿಂಗ್ ಎಲ್ಸ್' ಎಂಬುದನ್ನು ಆರಿಸಿದರೆ ಡಿಸ್ಕಿನ ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ. ನಮ್ಮ ಬರಹಗಳಿರುವ 'ಹೋಮ್' ಎಂಬುದು ಮೊದಲೇ ಪ್ರತ್ಯೇಕ ಭಾಗವಾಗಿದ್ದರೆ, ಅದರ ಎದುರಿನ 'ಫಾರ್ಮ್ಯಾಟ್' ಚೌಕಕ್ಕೆ ಗುರುತು ಹಾಕದೆ ಬಿಟ್ಟು, ಹಿಂದಿನ ಬಳಕೆದಾರನ ಹೆಸರನ್ನೇ ಕೊಟ್ಟರೆ ಬರಹಗಳು ಹಾಗೆಯೇ ಉಳಿಯುತ್ತವೆ. ಹೀಗಿದ್ದರೂ ಮೊದಲು ಎಲ್ಲವನ್ನೂ ಎರಡು ಕಡೆ ನಕಲು ಮಾಡಿಡಬೇಕು. ನಕಲಾಯಿತೆಂದು ಸುಮ್ಮನಿರದೆ, ಬೇರೊಂದು ಕಂಪ್ಯೂಟರಿನಲ್ಲಿ ಅದರ ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು.

ಹೀಗೆ ತೆರೆದಾಗಲೇ ಕನ್ನಡದ ತೊಡಕು ಕಣ್ಣಿಗೆ ಬೀಳುವುದು. ಹತ್ತಿಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚು ಮಾಡಿದ ಪ್ರಶ್ನಪತ್ರಿಕೆ, ಕವಿತೆ, ಅಜ್ಜಿಯಿಂದ ಕೇಳಿ ಬರೆದುಕೊಂಡ ಹಾಡು ತೆರೆದರೆ ಕೆಲವೊಮ್ಮೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬರಹ ಕೆಟ್ಟಿಲ್ಲ. ಅಂದಿನ ಅಕ್ಷರವಿನ್ಯಾಸಗಳು ರೋಮನ್ ಅಕ್ಷರದ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದುವು. ಆ ವಿನ್ಯಾಸವು ಯಂತ್ರದಲ್ಲಿ ಇರುವ ತನಕ ಕನ್ನಡ. ಇಲ್ಲವಾದರೆ ಒಳಗಿನ ರೋಮನ್ ಹೊರಗೆ. ಡಿಸ್ಕನ್ನು ಅಳಿಸಿದಾಗ ವಿನ್ಯಾಸವೂ ಅಳಿಯುತ್ತದೆ.

ಯೂನಿಕೋಡ್ ಪದ್ಧತಿಯಲ್ಲಿ ಹೀಗಿಲ್ಲ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳಿವೆ. 'ಕ' ಅಕ್ಷರದ ಸಂಖ್ಯೆ 3221. ಇದಕ್ಕೆ 128 ಕೂಡಿಸಿದರೆ 3349, ಅದು ಮಲಯಾಳದ ಕಕಾರ. 128 ಕಳೆದರೆ 3093, ಅದು ತೆಲುಗಿನ ಕಕಾರ. ನಮ್ಮ ಗಡಿನಾಡಿನಲ್ಲಿ ಅಕ್ಕಪಕ್ಕದಲ್ಲಿ ಬಾಳುವ ಕನ್ನಡವೂ ಮಲಯಾಳವೂ ಯಂತ್ರದೊಳಗೂ ನೆರೆಮನೆಯವರೇ! 'ಶಕ್ತಿ' ಎಂಬ ಮಾತು ಶ, ಕ, ವಿರಾಮ, ತ, ಗುಡಿಸು ಎಂಬ 5 ಸಂಖ್ಯೆಗಳಾಗಿ ಉಳಿಯುತ್ತದೆ. ಅದನ್ನು ಒತ್ತಕ್ಷರವಾಗಿ ಬರೆದು ತೋರಿಸುವುದು ವಿನ್ಯಾಸದ ಕೆಲಸ. ವಿನ್ಯಾಸ ಬದಲಾದರೂ ಬರಹ ಬದಲಾಗುವುದಿಲ್ಲ.

ಆದುದರಿಂದ ಹಳೆಯ ವ್ಯವಸ್ಥೆ ಇನ್ನೂ ನಡೆಯುತ್ತಿರುವಾಗಲೇ ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನು ಎದುರಿಗಿಟ್ಟು ಓದಿ ತಿದ್ದಬೇಕು. ಪರಿವರ್ತಕ ತಂತ್ರಾಂಶಗಳು ದೊರೆಯುತ್ತವೆ. ಆದರೆ ಅವುಗಳನ್ನು ಪೂರ್ತಿ ನಂಬುವಂತಿಲ್ಲ. 'ಧರ್ಮ' ಎಂಬಲ್ಲಿ ಹಳೆಯ ವಿನ್ಯಾಸವು ಕಣ್ಣಿಗೆ ಕಂಡಂತೆ ಮಕಾರದ ಬಳಿಕ ಅರ್ಕಾವೊತ್ತನ್ನು ಇಡುತ್ತದೆ. ಯೂನಿಕೋಡು ಉಚ್ಚಾರದಂತೆ ರಕಾರವನ್ನು ಮುಂಚೆ ಇಡುತ್ತದೆ. ಈ ಸ್ಥಾನಪಲ್ಲಟದಲ್ಲಿ ತಪ್ಪು ನುಸುಳುವುದುಂಟು. ವಿದ್ಯಾರ್ಥಿಗಳು ಮನೆಯ ಹಿರಿಯರೊಡನೆ ಕುಳಿತು, ಒಬ್ಬರು ಓದಿ ಇನ್ನೊಬ್ಬರು ತಿದ್ದಿದರೆ ಬೇಗ ಮುಗಿಯುತ್ತದೆ. ಹಳೆಯ ಪುಟಗಳ ಒಂದು ಮುದ್ರಿತ ಪ್ರತಿಯೋ ಪಿಡಿಎಫ್ ಪ್ರತಿಯೋ ಇದ್ದರೆ ಇನ್ನೂ ಒಳ್ಳೆಯದು.

ಹೊಸ ವ್ಯವಸ್ಥೆ ಬಂದ ಮೇಲೆ ಉಳಿದ ಕೆಲಸ ಸ್ವಲ್ಪ. ಸೆಟ್ಟಿಂಗ್ಸಿನ ಕೀಲಿಮಣೆ ವಿಭಾಗದಲ್ಲಿ ಕನ್ನಡವನ್ನು ಸೇರಿಸಬೇಕು. ಕನ್ನಡಕ್ಕೆ ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ವಿನ್ಯಾಸಗಳಿವೆ, ಇಲ್ಲದಿದ್ದರೆ ತರಿಸಿಕೊಳ್ಳಬಹುದು. ಬಳಿಕ ಲಿಬ್ರೆ ಆಫೀಸಿನ ರೈಟರನ್ನು ತೆರೆದು ಶಕ್ತಿ, ಧರ್ಮ, ಕ್ಷೇತ್ರ, ಸ್ವಾತಂತ್ರ್ಯ, ಜ್ಞಾನ ಎಂಬ ಐದು ಮಾತುಗಳನ್ನು ಬೆರಳಚ್ಚು ಮಾಡಿ ಒಂದು ಹಾಳೆ ಮುದ್ರಿಸಿ ನೋಡಿರಿ. ಐದೂ ಸರಿಯಾಗಿ ಮೂಡಿದರೆ ನಕಲಿಟ್ಟ ಬರಹಗಳನ್ನು ಯಂತ್ರಕ್ಕೆ ಮರಳಿಸಬಹುದು. ಪೆನ್‌ಡ್ರೈವಿನ ಪ್ರತಿಯನ್ನು ಮಾತ್ರ ಒಂದೆರಡು ತಿಂಗಳು ಅಳಿಸದೆ ಕಪಾಟಿನಲ್ಲಿಟ್ಟಿರಿ.