‘ದಾಸೋಹ’ ಶಬ್ದದ ಅರ್ಥವಿಚಾರ

ಮಠದ ಜಾತ್ರೆಯಲ್ಲಾಗಲಿ, ಮನೆಯ ಶುಭಕಾರ್ಯದಲ್ಲಾಗಲಿ ಪಂಕ್ತಿ ಕುಳಿತಾಗ ‘ದಾಸೋಹ ನಡೆದಿದೆ’ ಎನ್ನುವುದು ವಾಡಿಕೆ. ಇದರಿಂದ ದಾಸೋಹವೆಂದರೆ ಅನ್ನಸಂತರ್ಪಣೆಯೆಂಬ ಭಾವನೆ ಬಲಿತಿದೆ. ಅನ್ನವಿಕ್ಕುವುದು ದಾಸೋಹದ ಒಂದು ಅಂಗವೇನೋ ಅಹುದು. ಆದರೆ ಆ ಶಬ್ದದೊಳಗೆ ಅನ್ನದ ಸುಳಿವೇ ಇಲ್ಲ.

ಸಂಸ್ಕೃತದ ‘ದಾಸಃ’, ‘ಅಹಂ’ ಎಂಬೆರಡು ಪದಗಳು ಸಂಧಿಯಾಗಿ ‘ದಾಸೋಽಹಂ’ ಎಂದಾಗುತ್ತದೆ. ‘ನಾನು ದಾಸನು’ ಎಂದು ಇದರ ಅರ್ಥ. ಇದು ಪದವಲ್ಲ, ಪೂರ್ಣ ವಾಕ್ಯ. ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಹನುಮಂತನು ಲಂಕೆಯಲ್ಲಿ ತನ್ನನ್ನು ಸಾರಿಕೊಳ್ಳುವುದೂ ಈ ಮಾತಿನಿಂದಲೇ. ಕನ್ನಡದಲ್ಲಿ ಕೊನೆಯ ಬಿಂದು ಕಳಚಿ ಆ ವಾಕ್ಯವೇ ನಾಮಪದವಾಯಿತು. 12ನೆಯ ಶತಮಾನದ ಶರಣರಲ್ಲಿ ಅದು ಬರಿಯ ವಿನಯದ ನುಡಿಯಾಗಿ ಉಳಿಯದೆ ಆಚರಣೆಯ ಹೆಸರಾಗಿದೆ. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸವೆಸುವುದೇ ತ್ರಿವಿಧ ದಾಸೋಹ.

ಇದೇ ಸಂಧಿಯಿಂದ ಸಿದ್ಧವಾದ ಇನ್ನೊಂದು ಮಾತು ‘ಸೋಽಹಂ’, ಎಂದರೆ ‘ಅವನೇ ನಾನು’. ಈಶಾವಾಸ್ಯೋಪನಿಷತ್ತಿನಲ್ಲಿ ಕಾಣುವ ನುಡಿಯಿದು. ಬಸವಣ್ಣನವರು ಇವೆರಡನ್ನೂ ಎದುರುಬದುರಾಗಿರಿಸಿ, ತಮಗೆ ದಾಸೋಹವನ್ನೇ ಬೇಡಿಕೊಂಡರು. ಇವುಗಳ ನಡುವಣ ಅಂತರ ‘ದಾ’ ಎಂಬ ಒಂದಕ್ಷರ ಮಾತ್ರ!

ದಾನವಾದರೋ ಬೇರೆ. ದಾನವನ್ನು ಕೊಡುತ್ತಾರೆ, ದಾಸೋಹವನ್ನು ಮಾಡುತ್ತಾರೆ. ‘ದಾಸೋಹ ಕೊಟ್ಟೆ’ ಎಂದು ಕನ್ನಡಿಗರಾರೂ ನುಡಿಯರು. ನಾಲಗೆಗೆ ತಿಳಿದಿರುವ ಈ ಭೇದವನ್ನು ಮನಸ್ಸು ಮರೆತಿರುವುದೇ ಸೋಜಿಗ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಉಣ್ಣುವವನು ಒಡೆಯ, ಇಕ್ಕುವವನು ಆಳು. ಭೋಜನಶಾಲೆಯ ಬಾಗಿಲ ಮೇಲೆ ‘ದಾಸೋಹ ಮಂದಿರ’ವೆಂದು ಬರೆಯಿಸಿ, ಅದರ ಕೆಳಗೆ ತಮ್ಮ ಹೆಸರನ್ನೂ ಕೊಟ್ಟ ಹಣವನ್ನೂ ಕಲ್ಲಿನಲ್ಲಿ ಕೆತ್ತಿಸುವವರುಂಟು. ಆ ಎರಡು ಬರಹಗಳು ಒಂದನ್ನೊಂದು ಅಲ್ಲಗಳೆಯುತ್ತವೆ.

ಸಿರಿವಂತರಿಗಷ್ಟೇ ದಾಸೋಹವೆಂಬುದೂ ನಿಲ್ಲದ ಮಾತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ಉಣಬಡಿಸುತ್ತಿದ್ದುದರಿಂದಲೇ ಮಾರಯ್ಯನವರಿಗೆ ‘ಆಯ್ದಕ್ಕಿ’ ಎಂಬ ಹೆಸರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರೆಂದು ಶರಣರ ಕಥೆ ಹೇಳುತ್ತದೆ. ಸತಿ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಅಗತ್ಯಕ್ಕೆ ಮೀರಿದುದು ಆಸೆಯೇ ಹೊರತು ಭಕ್ತಿಯಲ್ಲವೆಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು.