ಮೊದಲ ದಿನದ ಠಸ್ಸೆ, ಹರಾಜಿನ ಬೆಲೆ

ಅಂಚೆಚೀಟಿ ಮಾರಾಟಕ್ಕೆ ಬಂದ ದಿನವೇ ಅದನ್ನು ಲಕೋಟೆಗೆ ಅಂಟಿಸಿ, ಅದೇ ದಿನಾಂಕದ ಠಸ್ಸೆ ಹಾಕಿಸಿದರೆ ಅದು ಫಸ್ಟ್ ಡೇ ಕವರ್, ಮೊದಲ ದಿನದ ಕವರ್. ಹಣದ ಲೆಕ್ಕದಲ್ಲಿ ಇಲ್ಲಿ ಚೀಟಿಗಿಂತ ಠಸ್ಸೆಯೇ ಮುಖ್ಯ. ಬ್ರಿಟನ್ನಿನಲ್ಲಿ 1971ರ ನಂತರ ಬಂದ ಸ್ಮಾರಕ ಅಂಚೆಚೀಟಿಗಳನ್ನು ಬಳಸದೆ ಇಟ್ಟುಕೊಂಡವರು ಇಂದಿಗೂ ಕಾಗದಕ್ಕೆ ಅಂಟಿಸಿ ಕಳುಹಿಸಬಹುದು. ವ್ಯಾಪಾರಿಗಳು ಅವನ್ನು ಮುಖಬೆಲೆಗಿಂತ ಕಡಿಮೆಗಾದರೂ ಕೊಳ್ಳುತ್ತಾರೆ. ಠಸ್ಸೆ ಬಿದ್ದ ಚೀಟಿಗೆ ಆ ಆಸರೆ ಇಲ್ಲ. ಅದನ್ನು ಬೇಕು ಎನ್ನುವ ಸಂಗ್ರಾಹಕ ಇದ್ದರೆ ಮಾತ್ರ ಅದಕ್ಕೆ ಬೆಲೆ. ಮೊದಲ ದಿನದ ಕವರ್‌ಗಳನ್ನು ಕೂಡಿಡುವ ಲೆಕ್ಕವೂ ಹರಾಜಿಗಿಡುವ ಲೆಕ್ಕವೂ ಇಲ್ಲಿಂದಲೇ ಶುರುವಾಗುತ್ತದೆ.

ಬ್ರಿಟನ್ನಿನಲ್ಲಿ ಈ ಕಥೆ ಜಗತ್ತಿನ ಮೊದಲ ಅಂಚೆಚೀಟಿಯಷ್ಟೇ ಹಳೆಯದು. ಪೆನ್ನಿ ಬ್ಲ್ಯಾಕ್ 1840ರ ಮೇ 1ರಂದು ಮಾರಾಟಕ್ಕೆ ಬಂತು. ಬಳಕೆಗೆ ಅನುಮತಿ ಇದ್ದದ್ದು ಮೇ 6ರಿಂದ. ಕೆಲವರು ಕಾಯದೆ ಮೊದಲೇ ಅಂಟಿಸಿ ಕಳುಹಿಸಿದರು. ಮೇ 2ರ ಮುದ್ರೆಯಿರುವ ಪತ್ರಗಳೂ ಉಳಿದಿವೆ. ಮೇ 6ರ ಮುದ್ರೆಯಿರುವ ಪತ್ರವೂ ಸಾಮಾನ್ಯರ ಕೈಗೆಟುಕುವ ವಸ್ತುವಲ್ಲ. ಆಗ ಇವನ್ನು ಬರೆದವರಿಗೆ ಸಂಗ್ರಹದ ಯೋಚನೆಯೇ ಇರಲಿಲ್ಲ, ಕಾಗದ ತಲುಪಿದರೆ ಸಾಕಾಗಿತ್ತು. ಹಳೆಯ ಕವರ್‌ಗಳ ಬೆಲೆಯ ಗುಟ್ಟು ಬಹುಪಾಲು ಇದರಲ್ಲೇ ಇದೆ. ಸಂಗ್ರಹಕ್ಕೆಂದು ತಯಾರಾಗದ್ದು ವಿರಳವಾಗಿ ಉಳಿಯುತ್ತದೆ.

ಬ್ರಿಟನ್ನಿನ ಮೊದಲ ಸ್ಮಾರಕ ಅಂಚೆಚೀಟಿಗಳು ಬಂದದ್ದು 1924ರ ಏಪ್ರಿಲ್ 23ರಂದು, ವೆಂಬ್ಲಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯದ ವಸ್ತುಪ್ರದರ್ಶನ ತೆರೆದ ದಿನ. ಒಂದು ಪೆನ್ನಿಯದು, ಒಂದೂವರೆ ಪೆನ್ನಿಯದು, ಹೀಗೆ ಎರಡೇ ಚೀಟಿ. ಮರುವರ್ಷದ ಮೇ 9ರಂದು ಅವೇ ಚೀಟಿಗಳು 1925 ಎಂಬ ಇಸವಿಯೊಂದಿಗೆ ಮತ್ತೆ ಬಂದವು. 1929ರ ಮೇ 10ರಂದು ಅಂಚೆ ಒಕ್ಕೂಟದ ಸಮ್ಮೇಳನಕ್ಕಾಗಿ ಬಂದ ಸರಣಿಯಲ್ಲಿ ಒಂದು ಪೌಂಡಿನ ಚೀಟಿಯೂ ಇತ್ತು. ಅದನ್ನು ಮೊದಲ ದಿನವೇ ಲಕೋಟೆಗೆ ಅಂಟಿಸಿದವರು ಬೆರಳೆಣಿಕೆಯಷ್ಟು ಮಂದಿ. 1935ರ ಮೇ 7ರ ರಜತ ಮಹೋತ್ಸವ, 1937ರ ಮೇ 13ರ ಪಟ್ಟಾಭಿಷೇಕ, 1940ರ ಮೇ 6ರ ಅಂಚೆಚೀಟಿ ಶತಮಾನೋತ್ಸವದ ಚೀಟಿಗಳು ಬರುವ ಹೊತ್ತಿಗೆ ಚಿತ್ರ ಅಚ್ಚಾದ ಲಕೋಟೆಗಳು ಬಳಕೆಗೆ ಬಂದಿದ್ದವು. ಆ ಕಾಲದವುಗಳಲ್ಲಿ ಸಾದಾ ಲಕೋಟೆಗಿಂತ ಚಿತ್ರವಿದ್ದ ಲಕೋಟೆಗೇ ಬೇಡಿಕೆ ಹೆಚ್ಚು.

ವಿರಳತೆ ಹುಟ್ಟುವ ಬಗೆಗೆ 1948ರ ಏಪ್ರಿಲ್ 26ರ ಉದಾಹರಣೆಯಷ್ಟು ಒಳ್ಳೆಯದು ಮತ್ತೊಂದಿಲ್ಲ. ಆರನೆಯ ಜಾರ್ಜ್ ದೊರೆಯ ಮದುವೆಯ ಬೆಳ್ಳಿಹಬ್ಬಕ್ಕೆ ಎರಡು ಚೀಟಿಗಳು ಬಂದವು. ಒಂದು ಎರಡೂವರೆ ಪೆನ್ನಿಯದು, ಇನ್ನೊಂದು ಒಂದು ಪೌಂಡಿನದು. ಆಗ ದೇಶದೊಳಗಿನ ಕಾಗದಕ್ಕೆ ಎರಡೂವರೆ ಪೆನ್ನಿ ಸಾಕಿತ್ತು. ಪೌಂಡಿಗೆ 240 ಪೆನ್ನಿ. ಒಂದು ಲಕೋಟೆಯ ಮೇಲೆ ಆ ದೊಡ್ಡ ಚೀಟಿ ಅಂಟಿಸುವುದೆಂದರೆ 96 ಕಾಗದಗಳ ಖರ್ಚನ್ನು ಒಮ್ಮೆಗೇ ಸುರಿದಂತೆ. ಯುದ್ಧ ಮುಗಿದು ಮೂರೇ ವರ್ಷವಾಗಿತ್ತು, ಮನೆಮನೆಯಲ್ಲೂ ಪಡಿತರವಿತ್ತು. ಆ ಖರ್ಚು ಮಾಡಿದವರು ಕಡಿಮೆ. ಎರಡೂ ಚೀಟಿಗಳಿರುವ ಕವರ್ ಇಂದಿಗೂ ಹರಾಜಿನಲ್ಲಿ ಒಂಟಿ ಲಾಟ್ ಆಗಿ, ಬೇರಾವುದರ ಜೊತೆಗೂ ಸೇರದೆ, ನಿಲ್ಲುತ್ತದೆ. ಅದೇ ವರ್ಷ ಜುಲೈ 29ರಂದು ಬಂದ ಒಲಿಂಪಿಕ್ಸ್ ಕವರ್‌ಗೆ ಆ ಯೋಗ್ಯತೆ ಇಲ್ಲ, ಅದರ ಚೀಟಿಗಳು ಅಗ್ಗವಾಗಿದ್ದವು.

ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆಂದು 1953ರ ಜೂನ್ 3ರಂದು ಬಂದ ಚೀಟಿಗಳ ನಂತರ 1957ರವರೆಗೆ ಹೊಸ ಸ್ಮಾರಕ ಚೀಟಿಯೇ ಬರಲಿಲ್ಲ. 1964ರ ಏಪ್ರಿಲ್ 23ರ ಶೇಕ್ಸ್‌ಪಿಯರ್ ಸರಣಿಗೆ ಅಂಚೆ ಇಲಾಖೆಯೇ ಮೊದಲ ಬಾರಿಗೆ ತನ್ನ ಅಧಿಕೃತ ಲಕೋಟೆಯನ್ನು ಮಾರಿತು. ಆಮೇಲೆ ಅಂಚೆ ಸಚಿವರಾಗಿ ಬಂದ ಟೋನಿ ಬೆನ್ ಸ್ಮಾರಕ ಚೀಟಿಗಳ ವಿಷಯವ್ಯಾಪ್ತಿಯನ್ನು ಹಿಗ್ಗಿಸಿದರು. 1965 ಒಂದೇ ವರ್ಷದಲ್ಲಿ ಚರ್ಚಿಲ್, ಲಿಸ್ಟರ್, ಬ್ಯಾಟಲ್ ಆಫ್ ಬ್ರಿಟನ್, ಪೋಸ್ಟ್ ಆಫೀಸ್ ಟವರ್ ಸೇರಿ ಒಂಬತ್ತು ಸರಣಿಗಳು ಬಂದವು. ಸಂಗ್ರಹ ಜನಪ್ರಿಯ ಹವ್ಯಾಸವಾಯಿತು. ಎಡಿನ್‌ಬರೊದಲ್ಲಿದ್ದ ಅಂಚೆ ಇಲಾಖೆಯ ಫಿಲಾಟೆಲಿಕ್ ಬ್ಯೂರೊಗೆ ಒಮ್ಮೆ ಹೆಸರು ಕೊಟ್ಟರೆ ಪ್ರತಿ ಸರಣಿಯ ಕವರ್ ವಿಳಾಸ ಹೊತ್ತು ಮನೆಬಾಗಿಲಿಗೆ ಬರುತ್ತಿತ್ತು. ಬೆನ್‌ಹ್ಯಾಮ್‌ನಂಥ ಖಾಸಗಿ ತಯಾರಕರು ರೇಷ್ಮೆಯಂಥ ಬಟ್ಟೆಯ ಮೇಲೆ ಚಿತ್ರ ಅಚ್ಚುಹಾಕಿ ಲಕೋಟೆಗೆ ಅಂಟಿಸಿ ಮಾರಿದರು. 1981ರ ಜುಲೈ 22ರ ಚಾರ್ಲ್ಸ್–ಡಯಾನಾ ಮದುವೆಯ ಕವರ್‌ಗಳನ್ನು ಕೊಂಡವರೆಲ್ಲ ಜೋಪಾನವಾಗಿಯೇ ಇಟ್ಟರು. ಎಲ್ಲರೂ ಜೋಪಾನ ಮಾಡಿದ ವಸ್ತು ಎಂದೂ ವಿರಳವಾಗದು. 1970ರಿಂದ ಈಚಿನ ಸಾಮಾನ್ಯ ಕವರ್‌ಗಳು ಕೊಂಡ ಬೆಲೆಗೂ ಮಾರಾಟವಾಗದಿರಲು ಇದೇ ಕಾರಣ.

ಇದು ಕನ್ನಡಿಗರಿಗೆ ದೂರದ ಸಂಗತಿಯಲ್ಲ. 1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ಕರ್ನಾಟಕದಿಂದ ಹೋದ ವೈದ್ಯರಲ್ಲಿ ಈ ಹವ್ಯಾಸ ಹತ್ತಿಸಿಕೊಂಡವರಿದ್ದರು. ಈ ಲೇಖಕನ ಸೋದರಮಾವ ಅಂಥವರಲ್ಲಿ ಒಬ್ಬರು. ಲೆಸ್ಟರ್‌ನಲ್ಲಿ ಮೂರು ದಶಕ ವೈದ್ಯರಾಗಿದ್ದು ಊರಿಗೆ ಮರಳುವಾಗ ಆರು ಆಲ್ಬಮ್‌ಗಳಲ್ಲಿ 438 ಕವರ್‌ಗಳನ್ನು ತಂದಿದ್ದರು. ಹೆಚ್ಚಿನವು ಬ್ಯೂರೊದಿಂದ ತಿಂಗಳು ತಿಂಗಳು ಬಂದವು. ಕೆಲವು ಅಲ್ಲಿನ ಸ್ಟ್ಯಾಂಪ್ ಮೇಳಗಳಲ್ಲಿ ಆರಿಸಿ ಕೊಂಡವು. ಮಾವನವರು ತೀರಿಕೊಂಡ ಮೇಲೆ ಅವುಗಳ ವಿಲೇವಾರಿ ಲೇಖಕನ ಪಾಲಿಗೆ ಬಂತು. ಮನೆಯವರ ಕಣ್ಣಿಗೆ ಅದು ದೊಡ್ಡ ಆಸ್ತಿ. ಹರಾಜಿಗೆ ಮುನ್ನ ಮಾಡಿದ ವಿಂಗಡಣೆ ಬೇರೆಯದನ್ನೇ ಹೇಳಿತು.

ವಿಂಗಡಿಸುವಾಗ ಮೊದಲು ನೋಡಬೇಕಾದ್ದು ಇಸವಿ. 1953ಕ್ಕೆ ಹಿಂದಿನದೆಲ್ಲ ಬೇರೆ ಇಡಬೇಕು. 1957ರಿಂದ 1967ರ ನಡುವಿನವನ್ನು ಒಂದೊಂದಾಗಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಕಾಗದಗಳನ್ನು ಯಂತ್ರ ವಿಂಗಡಿಸಲೆಂದು ಆಗ ಕೆಲವು ಚೀಟಿಗಳ ಮೇಲೆ ರಂಜಕದ ಪಟ್ಟಿ ಬಳಿಯುತ್ತಿದ್ದರು. ಒಂದೇ ಸರಣಿ ಪಟ್ಟಿ ಇಲ್ಲದೆಯೂ ಬರುತ್ತಿತ್ತು, ಪಟ್ಟಿಯೊಂದಿಗೂ ಬರುತ್ತಿತ್ತು. 1962ರ ರಾಷ್ಟ್ರೀಯ ಉತ್ಪಾದಕತೆಯ ವರ್ಷದ ಕವರ್‌ನಂಥವುಗಳಲ್ಲಿ ಪಟ್ಟಿ ಇರುವುದಕ್ಕೆ ಹೆಚ್ಚು ಬೆಲೆ. ಓರೆ ಬೆಳಕಿನಲ್ಲಿ ಪಟ್ಟಿ ಮಂಕಾಗಿ ಕಾಣುತ್ತದೆ, ಅದಕ್ಕೆ ಯಾವ ಯಂತ್ರವೂ ಬೇಡ.

ಆಮೇಲಿನದು ಠಸ್ಸೆ. ಬ್ಯೂರೊದ ಠಸ್ಸೆ ಎಲ್ಲಕ್ಕಿಂತ ಸಾಮಾನ್ಯ. ಚೀಟಿಯ ವಿಷಯಕ್ಕೂ ಊರಿಗೂ ಸಂಬಂಧವಿದ್ದರೆ ಅದೇ ಚೀಟಿಯ ಕವರ್‌ಗೆ ಬೇರೆಯದೇ ಮರ್ಯಾದೆ. 1966ರ ವಿಶ್ವಕಪ್ ಫುಟ್‌ಬಾಲ್ ಗೆದ್ದ ಮೇಲೆ ಆಗಸ್ಟ್ 18ರಂದು ‘ಇಂಗ್ಲೆಂಡ್ ವಿನ್ನರ್ಸ್’ ಎಂಬ ಸಾಲು ಸೇರಿಸಿದ ನಾಲ್ಕು ಪೆನ್ನಿಯ ಚೀಟಿ ಬಂತು. ಅದರ ಮೇಲೆ ಹ್ಯಾರೊ ಮತ್ತು ವೆಂಬ್ಲಿಯ ಠಸ್ಸೆಯನ್ನೇ ಸಂಗ್ರಾಹಕರು ಹುಡುಕುತ್ತಾರೆ. 1969ರ ಮಾರ್ಚ್ 3ರ ಕಾಂಕಾರ್ಡ್ ಚೀಟಿಗೆ ವಿಮಾನ ತಯಾರಾದ ಫಿಲ್ಟನ್‌ನ ಠಸ್ಸೆ. ಸಣ್ಣ ಅಂಚೆ ಕಚೇರಿಯ ಕೌಂಟರ್‌ನಲ್ಲಿ ನಿತ್ಯ ಬಳಸುವ ಗುಂಡು ಠಸ್ಸೆ ಸರಿಯಾದ ಊರಿನದಾಗಿದ್ದರೆ ವಿಶೇಷ ಠಸ್ಸೆಯನ್ನೂ ಮೀರಿಸುತ್ತದೆ, ಏಕೆಂದರೆ ಅದನ್ನು ಹಾಕಿಸಲು ಯಾರೋ ಆ ದಿನ ಆ ಊರಿಗೆ ಹೋಗಬೇಕಿತ್ತು. 1971ರ ಫೆಬ್ರುವರಿ 15ರ ದಶಮಾಂಶ ನಾಣ್ಯದ ಚೀಟಿಗಳ ಕಥೆ ಇನ್ನೊಂದು ಬಗೆಯದು. ಆಗ ಅಂಚೆ ನೌಕರರ ಮುಷ್ಕರ ನಡೆದಿತ್ತು. ಮುಷ್ಕರದಿಂದ ರವಾನೆ ತಡವಾಯಿತು ಎಂಬ ಒಕ್ಕಣೆಯ ಕವರ್‌ಗಳು ಹೇರಳವಾಗಿ ಉಳಿದಿವೆ. ಓದಲು ಸೊಗಸು, ಮಾರಲು ಅಗ್ಗ.

ದಿನಾಂಕವನ್ನು ಭೂತಗನ್ನಡಿ ಇಟ್ಟು ಓದುವುದು ಕಡ್ಡಾಯ. ಮಾವನವರ ಸಂಗ್ರಹದ ಹುರುಪಿನಲ್ಲಿ ಈ ಲೇಖಕ ಆನ್‌ಲೈನ್ ಹರಾಜಿನಲ್ಲಿ 1929ರ ಸಮ್ಮೇಳನದ ಕಡಿಮೆ ಮುಖಬೆಲೆಯ ಚೀಟಿಗಳ ಕವರ್ ಒಂದನ್ನು 90 ಪೌಂಡಿಗೆ ಕೊಂಡ. ವಿವರಣೆಯಲ್ಲಿ ಮೊದಲ ದಿನದ್ದು ಎಂದಿತ್ತು. ಕವರ್ ಕೈಗೆ ಬಂದ ಮೇಲೆ ಮಸಿ ಹರಡಿದ ಅಂಕಿ 10 ಅಲ್ಲ, 16 ಎಂದು ಗೊತ್ತಾಯಿತು. ಹಿಂದಿರುಗಿಸುವ ಅವಧಿ ಅಷ್ಟರಲ್ಲಿ ಮುಗಿದಿತ್ತು; ಮಾರಿದವರು ಹಣ ಕೊಡಲಿಲ್ಲ. ಆರು ದಿನಗಳ ಆ ಅಂತರಕ್ಕೆ ಬಹುಪಾಲು ಹಣ ಕರಗಿತು. ದೊಡ್ಡ ಮೊತ್ತದ ಕವರ್ ಆದರೆ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿಯಿಂದ ಪ್ರಮಾಣಪತ್ರ ಪಡೆಯುವ ದಾರಿ ಇದೆ. ಖ್ಯಾತರ ಸಹಿ ಇರುವ ಕವರ್‌ಗಳಿಗೂ ಇದೇ ಎಚ್ಚರ ಬೇಕು. ಸಹಿ ಮಾಡಿದ್ದು ವ್ಯಕ್ತಿಯೋ ಯಂತ್ರವೋ ಎಂಬುದರ ಮೇಲೆ ಪೂರ್ತಿ ಬೆಲೆ ನಿಂತಿರುತ್ತದೆ.

ಸ್ಥಿತಿಯ ಮಾತು ಚಿಕ್ಕದು. ಹೊಸ ಕಾಲದ ಕವರ್‌ಗಳಲ್ಲಿ ವಿಳಾಸವಿಲ್ಲದ್ದು, ಇಲ್ಲವೇ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು ಮೇಲು. ಕೈಬರಹದ ವಿಳಾಸ ಬೆಲೆ ಇಳಿಸುತ್ತದೆ. 1940ಕ್ಕೆ ಹಿಂದಿನವುಗಳಲ್ಲಿ ಕೈಬರಹ ಸಹಜ, ಅದು ದೋಷವಲ್ಲ. ಕರಾವಳಿಯ ತೇವಕ್ಕೆ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ, ಅಗ್ಗದ ಪಿವಿಸಿ ಹಾಳೆ ವರ್ಷಗಳಾದ ಮೇಲೆ ಜಿಗುಟಾಗಿ ಮಸಿಯನ್ನೇ ಎಳೆದುಕೊಳ್ಳುತ್ತದೆ. ಮಾವನವರ ಆಲ್ಬಮ್‌ಗಳಲ್ಲಿ ಎರಡು ಉಡುಪಿಯ ಮನೆಯ ಕಪಾಟಿನಲ್ಲಿ ಮೂರೇ ಮಳೆಗಾಲದಲ್ಲಿ ಹೀಗೆ ಕೆಟ್ಟವು. ಪಾಲಿಯೆಸ್ಟರ್ ಹೊದಿಕೆ, ಒಣ ಜಾಗ, ನಿಲ್ಲಿಸಿ ಇಡುವ ಪದ್ಧತಿ, ಇಷ್ಟಿದ್ದರೆ ಸಾಕು.

ಹರಾಜಿನ ಲೆಕ್ಕವನ್ನು ಮಾರುವವನೂ ಕೊಳ್ಳುವವನೂ ಬಿಡಿಸಿ ನೋಡಬೇಕು. ಕೂಗು ನಿಂತ ಬೆಲೆಗೆ ಹ್ಯಾಮರ್ ಬೆಲೆ ಎನ್ನುತ್ತಾರೆ. ಅದು ಯಾರ ಕೈಗೂ ಹಾಗೇ ಸಿಗುವುದಿಲ್ಲ. ಬ್ರಿಟನ್ನಿನ ಹರಾಜು ಸಂಸ್ಥೆಗಳಲ್ಲಿ ಕೊಳ್ಳುವವರು ಅದರ ಮೇಲೆ ಶೇ. 20ರಿಂದ 25ರ ಆಸುಪಾಸಿನ ಪ್ರೀಮಿಯಂ ಕಟ್ಟುವುದು ರೂಢಿ, ಪ್ರೀಮಿಯಂ ಮೇಲೆ ವ್ಯಾಟ್ ಬೇರೆ. ಶೇ. 24ರ ಪ್ರೀಮಿಯಂ, ಶೇ. 20ರ ವ್ಯಾಟ್ ಎಂದುಕೊಂಡರೆ 100 ಪೌಂಡಿನ ಲಾಟ್‌ಗೆ ಕೊಡಬೇಕಾದ್ದು 128 ಪೌಂಡ್ 80 ಪೆನ್ಸ್, ಅಂಚೆ ವೆಚ್ಚ ಪ್ರತ್ಯೇಕ. ಮಾರುವವರ ಪಾಲಿನಿಂದಲೂ ಕಮಿಷನ್ ಕಳೆಯುತ್ತದೆ. ಬೆಲೆಬಾಳುವ ಕವರ್‌ಗಳನ್ನು ಒಂಟಿ ಲಾಟ್ ಮಾಡಿಸುವುದು, ಉಳಿದವನ್ನು ಪೆಟ್ಟಿಗೆ ಲಾಟ್ ಎಂದು ಒಟ್ಟಿಗೆ ಬಿಡುವುದು ವಾಡಿಕೆ. ಮುಖ್ಯವಾದ ಕವರ್‌ಗಳಿಗೆ ಮೀಸಲು ಬೆಲೆ ನಿಗದಿ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಕೊಳ್ಳುವವರು ಕಡಿಮೆಯಿದ್ದ ದಿನ ಅವು ಕೈಜಾರುತ್ತವೆ.

ಮಾವನವರ 438 ಕವರ್‌ಗಳಲ್ಲಿ 21 ಆರಿಸಿ ಐದು ಲಾಟ್ ಮಾಡಲಾಯಿತು: 1935, 1937, 1948ರ ಬೆಳ್ಳಿಹಬ್ಬ, 1953 ಮತ್ತು ರಂಜಕ ಪಟ್ಟಿಯವು. ಅವು 415 ಪೌಂಡಿಗೆ ನಿಂತವು. 416 ಕವರ್‌ಗಳ ಪೆಟ್ಟಿಗೆ 70 ಪೌಂಡಿಗೆ ಹೋಯಿತು, ಕವರ್ ಒಂದಕ್ಕೆ 17 ಪೆನ್ಸ್‌ನಂತೆ. ಅವುಗಳಲ್ಲಿ ಹಲವಕ್ಕೆ ಮಾವನವರು 1980ರ ದಶಕದಲ್ಲಿ ಒಂದೂವರೆ ಪೌಂಡ್ ಕೊಟ್ಟ ರಸೀದಿಗಳು ಆಲ್ಬಮ್‌ನ ಹಿಂಬದಿಯಲ್ಲೇ ಇದ್ದವು. ಒಟ್ಟು 485 ಪೌಂಡಿನಲ್ಲಿ ಶೇ. 15ರ ಕಮಿಷನ್ 72.75, ಅದರ ಮೇಲಿನ ವ್ಯಾಟ್ 14.55. ಕೈಗೆ ಬಂದದ್ದು 397 ಪೌಂಡ್ 70 ಪೆನ್ಸ್. ಆಲ್ಬಮ್ ಸಹಿತ ಎಲ್ಲವನ್ನೂ ಒಟ್ಟಿಗೆ 120 ಪೌಂಡಿಗೆ ಕೇಳಿದ್ದ ವ್ಯಾಪಾರಿಗೆ ಕೊಟ್ಟಿದ್ದರೆ ಈ ಮೊತ್ತದ ಮೂರನೆಯ ಒಂದು ಪಾಲೂ ಸಿಗುತ್ತಿರಲಿಲ್ಲ. ವಿಂಗಡಣೆಗೆ ಹಿಡಿದದ್ದು ನಾಲ್ಕು ಭಾನುವಾರ.

ಸ್ಟ್ಯಾನ್ಲಿ ಗಿಬನ್ಸ್ ಕ್ಯಾಟಲಾಗ್‌ನಲ್ಲಿ ಮೊದಲ ದಿನದ ಕವರ್‌ಗಳಿಗೆ ಅಚ್ಚಾಗಿರುವುದು ಅಂಗಡಿಯ ಮಾರಾಟ ಬೆಲೆ, ಮಾರುವವರಿಗೆ ಸಿಗುವ ಬೆಲೆಯಲ್ಲ. ಹರಾಜು ಸಂಸ್ಥೆಗಳು ಪ್ರಕಟಿಸುವ ಹಳೆಯ ಫಲಿತಾಂಶಗಳೇ ನಂಬಲರ್ಹ ಅಳತೆಗೋಲು. ಬ್ರಿಟನ್ನಿನಲ್ಲಿ ನೆಲೆಸಿದವರಿಗೆ ಇಂಥ ವಸ್ತು ಒಂದರ ಮಾರಾಟ 6,000 ಪೌಂಡ್ ಒಳಗಿದ್ದರೆ ಬಂಡವಾಳ ಲಾಭದ ತೆರಿಗೆ ತಗಲುವುದಿಲ್ಲ. ಒಂದೇ ಸೆಟ್ಟನ್ನು ಬಿಡಿಬಿಡಿಯಾಗಿ ಒಬ್ಬರಿಗೇ ಮಾರಿದರೆ ಅದನ್ನು ಒಂದೇ ವಸ್ತುವೆಂದು ಎಣಿಸುತ್ತಾರೆ. ಸಾಮಾನ್ಯ ಸಂಗ್ರಹಗಳು ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ.

438ರಲ್ಲಿ ಒಂದನ್ನು ಮಾತ್ರ ಹರಾಜಿಗೆ ಕಳುಹಿಸಲಿಲ್ಲ. ಅದು 1969ರ ಆಗಸ್ಟ್ 13ರಂದು ಗಾಂಧೀಜಿ ಜನ್ಮಶತಾಬ್ದಿಗೆ ಬ್ರಿಟನ್ ಹೊರಡಿಸಿದ, ಬಂಗಾಳ ಮೂಲದ ಕಲಾವಿದ ಬಿಮನ್ ಮಲ್ಲಿಕ್ ವಿನ್ಯಾಸ ಮಾಡಿದ, ಒಂದು ಷಿಲಿಂಗ್ ಆರು ಪೆನ್ನಿಯ ಚೀಟಿಯ ಕವರ್. ಮಾರುಕಟ್ಟೆಯಲ್ಲಿ ಅದು ಅಗ್ಗ.

ಮನೆಯ ಹಿರಿಯರ ಇಂಥ ಆಲ್ಬಮ್ ಕೈಗೆ ಬಂದವರು ಲಕೋಟೆಯಿಂದ ಚೀಟಿಗಳನ್ನು ದಯವಿಟ್ಟು ಕತ್ತರಿಸಬಾರದು, ನೀರಿಗೆ ಹಾಕಿ ಬಿಡಿಸಲೂ ಬಾರದು. ಕತ್ತರಿಸಿದ ಕ್ಷಣಕ್ಕೆ ಅದು ಮೊದಲ ದಿನದ ಕವರ್ ಆಗಿ ಉಳಿಯುವುದಿಲ್ಲ.