ಬೆಲ್ಲ ಯಾಕೆ ಗಟ್ಟಿಯಾಗಲಿಲ್ಲ? ಕಬ್ಬಿನೊಳಗಿನ ಒಂದು ಕಿಣ್ವದ ಲೆಕ್ಕ

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಕಿಣ್ವದ ಬಗ್ಗೆ ನಾನು ಬರೆಯುವುದನ್ನು ನೋಡಿ ಸೈನ್ಸ್ ವಿಭಾಗದ ಗೆಳತಿಯರು ನಗಬಹುದು. ಆದರೆ ಕಳೆದ ಬೇಸಿಗೆಯಲ್ಲಿ ಒಂದು ಕಿಣ್ವ ನಮ್ಮವರ ಲೆಕ್ಕದ ಪುಸ್ತಕಕ್ಕೇ ಕೈ ಹಾಕಿತು. ಆ ಪುಸ್ತಕ ಬರೆಯುವವಳು ನಾನು.

ಅಮ್ಮಿಯ ಅಣ್ಣ, ನಮ್ಮ ಮಾಮು, ಮದ್ದೂರು ಮಳವಳ್ಳಿ ನಡುವಿನ ಒಂದು ಹಳ್ಳಿಯಲ್ಲಿ ಆಲೆಮನೆ ಬಾಡಿಗೆಗೆ ಹಿಡಿದು ಬೆಲ್ಲ ಮಾಡಿಸುತ್ತಾರೆ. ಒಂದು ಗದ್ದೆಯ ಕಬ್ಬು ಕಡಿದು ಹಾಕಿದ ದಿನವೇ ಟ್ರ್ಯಾಕ್ಟರ್ ಕೆಟ್ಟಿತು. ಅಷ್ಟರಲ್ಲಿ ಯುಗಾದಿ ಬಂತು, ಆಳುಗಳು ಊರಿಗೆ ಹೋದರು. ಕಬ್ಬು ನಾಲ್ಕು ದಿನ ಬಿಸಿಲಲ್ಲಿ ಬಿದ್ದಿತ್ತು. ಐದನೇ ದಿನ ಅರೆದು ಕೊಪ್ಪರಿಗೆಗೆ ಹಾಕಿದಾಗ, ಪಾಕ ನೋಡುವ ಹಿರಿಯರು ರಸ ಕುದಿಯುತ್ತಿರುವಾಗಲೇ "ಇದು ಕಟ್ಟಾಕಿಲ್ಲ ಸಾಬ್ರೇ" ಅಂದರು. ಹಾಗೇ ಆಯಿತು. ಅಚ್ಚಿನಿಂದ ತೆಗೆದ ಬೆಲ್ಲ ಕಪ್ಪಗಿತ್ತು, ಬೆರಳಿಗೆ ಅಂಟುತ್ತಿತ್ತು, ಎರಡೇ ದಿನದಲ್ಲಿ ನೀರೊಡೆಯಿತು. ಮಂಡ್ಯದ ಎಪಿಎಂಸಿಯಲ್ಲಿ ಅದಕ್ಕೆ ಒಳ್ಳೆಯ ಬೆಲ್ಲದ ಬೆಲೆ ಸಿಗಲಿಲ್ಲ. ಮಾಮು ಮಗಳ ಮದುವೆಗೆ ಎತ್ತಿಟ್ಟಿದ್ದ ದುಡ್ಡು ತೆಗೆದು ಕಬ್ಬು ಕೊಟ್ಟ ರೈತರ ಬಾಕಿ ತೀರಿಸಿದರು.

ನಾನು ಪುಸ್ತಕದಲ್ಲಿ "ಕಬ್ಬು ಒಣಗಿದ ನಷ್ಟ" ಎಂದು ಬರೆದೆ. ಆದರೆ ಲೆಕ್ಕ ಕೂಡಲಿಲ್ಲ. ತೂಕ ಇಳಿದಿದ್ದು ಸ್ವಲ್ಪ, ಹಣ ಹೋಗಿದ್ದು ಬಹಳ. ರಸದ ರುಚಿ ನೋಡಿದರೆ ಸಿಹಿಯೂ ಕಡಿಮೆ ಇರಲಿಲ್ಲ. ಹಾಗಾದರೆ ಕಳೆದುಹೋಗಿದ್ದು ಏನು? ಇದನ್ನು ಹಿಡಿದುಕೊಂಡು ನಮ್ಮ ಕಾಲೇಜಿನ ಬಯಾಲಜಿ ಲ್ಯಾಬಿಗೆ ಹೋದೆ. ಅಲ್ಲಿ ಕೇಳಿ, ಆಮೇಲೆ ಓದಿ ತಿಳಿದದ್ದು ಇಷ್ಟು.

ಕಬ್ಬಿನ ಸಕ್ಕರೆಯ ಹೆಸರು ಸುಕ್ರೋಸ್. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳು ಕೈ ಹಿಡಿದು ನಿಂತ ಜೋಡಿ ಅದು. ನೀರಿನ ಒಂದು ಅಣು ಸೇರಿದರೆ ಜೋಡಿ ಒಡೆಯುತ್ತದೆ. ಇಲ್ಲಿ ಕಾಮರ್ಸಿನವರು ಗಮನಿಸಬೇಕಾದ ವಿಷಯವಿದೆ: 342 ಕೆಜಿ ಸುಕ್ರೋಸ್ 18 ಕೆಜಿ ನೀರು ಸೇರಿಸಿಕೊಂಡು ಒಡೆದರೆ 360 ಕೆಜಿ ಚಿಕ್ಕ ಸಕ್ಕರೆಯಾಗುತ್ತದೆ. ಅಂದರೆ ಸಕ್ಕರೆಯ ತೂಕ ಹೆಚ್ಚುತ್ತದೆ, ಮಾಲಿನ ಬೆಲೆ ಇಳಿಯುತ್ತದೆ! ಫ್ರಕ್ಟೋಸ್ ಸುಕ್ರೋಸಿಗಿಂತ ಸಿಹಿ, ಆದ್ದರಿಂದ ನಾಲಿಗೆಗೂ ಮೋಸ. ಆದರೆ ಈ ಚಿಕ್ಕ ಸಕ್ಕರೆಗಳು ಸುಕ್ರೋಸ್ ಹರಳುಗಟ್ಟಲು ಬಿಡುವುದಿಲ್ಲ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಬೆಲ್ಲ ಅಂಟುವುದು, ನೀರೊಡೆಯುವುದು ಇದರಿಂದಲೇ.

ಬರೀ ನೀರಿನಲ್ಲಿ ಕರಗಿಸಿಟ್ಟ ಸಕ್ಕರೆ ತಾನಾಗಿ ಹೀಗೆ ಒಡೆಯಲು ನೂರಾರು ವರ್ಷ ಬೇಕು. ಕಬ್ಬಿನಲ್ಲಿ ದಿನಗಳು ಸಾಕು, ಏಕೆಂದರೆ ಅಲ್ಲಿ ಇನ್ವರ್ಟೇಸ್ ಎಂಬ ಕಿಣ್ವ ಇದೆ. ಕಿಣ್ವ ಎಂದರೆ ಜೀವಕೋಶ ತಯಾರಿಸುವ ವೇಗವರ್ಧಕ, ಸಾಮಾನ್ಯವಾಗಿ ಒಂದು ಪ್ರೋಟೀನ್. ಯಾವ ರಾಸಾಯನಿಕ ಕ್ರಿಯೆಯಾದರೂ ಶುರುವಾಗಲು ಮೊದಲು ಸ್ವಲ್ಪ ಶಕ್ತಿ ಬೇಕು, ಇದನ್ನು ಸಕ್ರಿಯಣ ಶಕ್ತಿ ಎನ್ನುತ್ತಾರೆ. ನನಗೆ ಅರ್ಥವಾಗಿದ್ದು ಅಂಗಡಿಯ ಅಡ್ವಾನ್ಸ್ ಲೆಕ್ಕದಲ್ಲಿ. ಅಡ್ವಾನ್ಸ್ ದೊಡ್ಡದಿದ್ದರೆ ಅಂಗಡಿ ತೆರೆಯುವವರು ಕಡಿಮೆ, ಚಿಕ್ಕದಿದ್ದರೆ ಬಹಳ ಜನ ತೆರೆಯುತ್ತಾರೆ. ಕೊಟ್ಟ ಅಡ್ವಾನ್ಸ್ ಕೊನೆಗೆ ವಾಪಸ್ ಬರುತ್ತದೆ, ಆದ್ದರಿಂದ ವ್ಯಾಪಾರದ ಲಾಭ ಬದಲಾಗುವುದಿಲ್ಲ. ಕಿಣ್ವ ಮಾಡುವುದು ಅಡ್ವಾನ್ಸ್ ಇಳಿಸುವ ಕೆಲಸ ಮಾತ್ರ.

ಅದನ್ನು ಹೇಗೆ ಇಳಿಸುತ್ತದೆ? ಇನ್ವರ್ಟೇಸಿನ ಮೈಯಲ್ಲಿ ಸುಕ್ರೋಸ್ ಕೂರುವಂಥ ಒಂದು ಗುಳಿ ಇದೆ. ಗುಳಿಯಲ್ಲಿ ಎರಡು ಆಮ್ಲ ಗುಂಪುಗಳಿವೆ. ಒಂದು ಫ್ರಕ್ಟೋಸ್ ಭಾಗವನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಕೊಂಡಿಗೆ ಪ್ರೋಟಾನ್ ಕೊಟ್ಟು ಅದನ್ನು ಸಡಿಲ ಮಾಡುತ್ತದೆ. ಗ್ಲೂಕೋಸ್ ಕಳಚಿಕೊಳ್ಳುತ್ತದೆ. ಆಮೇಲೆ ನೀರು ಬಂದು ಫ್ರಕ್ಟೋಸನ್ನೂ ಬಿಡಿಸುತ್ತದೆ. ಗುಳಿ ಮೊದಲಿನಂತೆ ಖಾಲಿ, ಮುಂದಿನ ಸುಕ್ರೋಸಿಗೆ ಸಿದ್ಧ. ಮಂಡಿಯ ದಲ್ಲಾಳಿಯ ಹಾಗೆ, ಆದರೆ ಕಮಿಷನ್ ಇಲ್ಲ. ಕಿಣ್ವ ಖರ್ಚಾಗುವುದಿಲ್ಲ, ಹಾಗಾಗಿ ಸ್ವಲ್ಪವೇ ಇದ್ದರೂ ಸಮಯ ಸಿಕ್ಕರೆ ಬಹಳ ಸಕ್ಕರೆ ಹಾಳು ಮಾಡುತ್ತದೆ. ಗುಳಿಗೆ ಕೂರುವ ಅಣುವಿಗಷ್ಟೇ ಕೆಲಸ ಎಂಬುದನ್ನು 1894ರಲ್ಲಿ ಎಮಿಲ್ ಫಿಷರ್ ಬೀಗ ಮತ್ತು ಕೀಲಿಗೆ ಹೋಲಿಸಿದರು. 1913ರಲ್ಲಿ ಮೈಕೆಲಿಸ್ ಮತ್ತು ಮೌಡ್ ಮೆಂಟೆನ್ ಕಿಣ್ವದ ವೇಗಕ್ಕೆ ಸೂತ್ರ ಕಟ್ಟಿದ್ದೂ ಇದೇ ಇನ್ವರ್ಟೇಸನ್ನು ಇಟ್ಟುಕೊಂಡು (ಅವರದು ಯೀಸ್ಟಿನದು). ಸೈನ್ಸಿನವರು ಪುಸ್ತಕದಲ್ಲಿ ಓದುವ ಆ ಸೂತ್ರಕ್ಕೂ ನಮ್ಮ ಆಲೆಮನೆಗೂ ಇಷ್ಟು ಹತ್ತಿರದ ನಂಟಿದೆ ಎಂದು ನಾನು ಅಂದುಕೊಂಡಿರಲಿಲ್ಲ.

ಕಬ್ಬು ಇಂಥದ್ದನ್ನು ತನ್ನೊಳಗೆ ಯಾಕೆ ಇಟ್ಟುಕೊಂಡಿದೆ? ಬೆಳೆಯುವುದಕ್ಕೆ. ಎಳೆಯ ಭಾಗ ಸುಕ್ರೋಸನ್ನು ಒಡೆದು ಬಳಸಿಕೊಳ್ಳುತ್ತದೆ. ತುದಿಯಲ್ಲಿ ಈ ಕಿಣ್ವ ಹೆಚ್ಚು, ಅದಕ್ಕೇ ತುದಿ ಸಪ್ಪೆ, ಬುಡ ಸಿಹಿ. ಕಬ್ಬು ಬಲಿತಂತೆ ಕಿಣ್ವ ತಗ್ಗುತ್ತದೆ. ಕಡಿದ ಮೇಲೆ ಅದನ್ನು ಹಿಡಿತದಲ್ಲಿಡುವ ವ್ಯವಸ್ಥೆ ತಪ್ಪುತ್ತದೆ, ಕಿಣ್ವ ಮತ್ತೆ ಏರುತ್ತದೆ, ಬಿಸಿಲು ಅದರ ವೇಗ ಹೆಚ್ಚಿಸುತ್ತದೆ. ಕಡಿದ ಬಾಯಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳೂ ಸಕ್ಕರೆ ತಿನ್ನುತ್ತವೆ. ಎಲ್ಲ ತಪ್ಪನ್ನೂ ಒಂದೇ ಕಿಣ್ವದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೊಪ್ಪರಿಗೆಯಲ್ಲಿ ರಸ ಕುದಿದಾಗ ಪ್ರೋಟೀನಿನ ಆಕಾರ ಕೆಟ್ಟು ಕಿಣ್ವ ಸಾಯುತ್ತದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ರಸದ ಹುಳಿಯೂ ಒಂದು ವೇಗವರ್ಧಕ. ಆಮ್ಲ ಇದ್ದರೆ ಕಿಣ್ವವಿಲ್ಲದೆಯೂ ಸುಕ್ರೋಸ್ ಒಡೆಯುತ್ತದೆ, ಬಿಸಿಯಾದಷ್ಟೂ ಜೋರಾಗಿ. ಪಾಕದವರು ರಸಕ್ಕೆ ಸುಣ್ಣದ ತಿಳಿ ಹಾಕುವುದು ಈ ಹುಳಿ ಮುರಿಯಲಿಕ್ಕೂ ಹೌದು. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಅದಕ್ಕೇ ಅವರು ಅಷ್ಟು ನೋಡಿ ನೋಡಿ ಹಾಕುತ್ತಾರೆ. ಆದರೆ ಗದ್ದೆಯಲ್ಲಿ ಆಗಲೇ ಒಡೆದುಹೋದದ್ದನ್ನು ಸುಣ್ಣ ಕೂಡಿಸಲಾರದು.

ಸಕ್ಕರೆ ಕಾರ್ಖಾನೆಗೂ ಇದೇ ಕಷ್ಟ, ಅಲ್ಲಿ ಚಿಕ್ಕ ಸಕ್ಕರೆಗಳು ಕಾಕಂಬಿಯ ಜೊತೆ ಹೋಗುತ್ತವೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಫ್‌ಆರ್‌ಪಿ ನಿಗದಿ ಮಾಡಿದ್ದು ಶೇ. 10.25 ಇಳುವರಿಯ ಮೇಲೆ. ಅದರ ಮೇಲೆ ಪ್ರತಿ ಶೇ. 0.1ಕ್ಕೆ 3.46 ರೂಪಾಯಿ ಹೆಚ್ಚು. ಇನ್ನೊಂದು ತಮಾಷೆ ಇದೆ: ಒಳಗೆ ಮೆತ್ತಗಿರುವ ಚಾಕೊಲೇಟ್ ಮಾಡುವವರು ಇನ್ವರ್ಟೇಸನ್ನು ದುಡ್ಡು ಕೊಟ್ಟು ತರುತ್ತಾರೆ. ಗಟ್ಟಿ ಸಕ್ಕರೆ ಹೂರಣ ಒಳಗೇ ಕರಗಲಿ ಎಂದು! ಮಾಮುಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ.

ಈಗ ಕಬ್ಬು ಕೂಡಲೇ ಸಾಗಿಸಲಾಗದಿದ್ದರೆ ರಾಶಿ ಮಾಡಿ, ಮೇಲೆ ತರಗು ಹೊದಿಸಿ ನೀರು ಚಿಮುಕಿಸುತ್ತಾರೆ. ಕಬ್ಬು ತಂಪಾಗಿದ್ದರೆ ನಷ್ಟ ನಿಧಾನ. ಟ್ರ್ಯಾಕ್ಟರ್ ಬಂದು ನಿಂತ ಮೇಲೆಯೇ ಕತ್ತಿ ಎತ್ತಿಸುತ್ತಾರೆ. ನಾನು ಪುಸ್ತಕದಲ್ಲಿ "ಒಣಗಿದ ನಷ್ಟ" ಎಂಬುದನ್ನು ಹೊಡೆದುಹಾಕಿದೆ. ತೂಕದ ಕಾಲಂ ಪಕ್ಕದಲ್ಲಿ ಇನ್ನೆರಡು ಗೆರೆ ಎಳೆದಿದ್ದೇನೆ: ಕಡಿದ ದಿನ, ಅರೆದ ದಿನ.